ಕೊರೊನಾ ಬಂದಿದೆ, ಮನೆ ನಡೆಸೋದು ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಒಂದೊಂದೇ ಹೆಜ್ಜೆ

ಹಾಲಿನ ಪಾಕೀಟಿಗೆ ಸೋಪು ಹಚ್ಚಿ ತೊಳೀಬೇಕಾ? ನೋಟು ಮುಟ್ಟಿದರೆ ರೋಗ ಅಂಟುತ್ತಾ? ಪುಣೆಯಿಂದ ಬಂದ ತಮ್ಮನನ್ನು ಮನೆಯೊಳಗೆ ಕರೆದುಕೊಳ್ಳೋದಾ, ಹೊಲದ ಮನೆಯಲ್ಲಿ ಇರು ಅನ್ನೋದಾ? ಅಪ್ಪನ ಸಕ್ಕರೆ ಕಾಯಿಲೆ ಗುಳಿಗೆ ಮುಗಿದಿವೆ, ಪೇಟೆಗೆ ಹೋಗಬಹುದಾ? ಜ್ವರ ಬಂದಿದೆ ಅಂತ ಹೇಳಿದರೆ ಪೊಲೀಸರು ಹಿಡಿದುಕೊಂಡು ಹೋಗ್ತಾರಾ?

ಕೆಲವು ವಾರಗಳಿಂದ ಬರುತ್ತಿರುವ ಪ್ರಶ್ನೆಗಳು ಇವೇ. ಅದಕ್ಕೇ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಮನೆಯಲ್ಲಿ ಓದಲು ಬಾರದವರು ಇದ್ದರೆ ದಯವಿಟ್ಟು ಅವರಿಗೆ ಓದಿ ಹೇಳಿ.

ಇದನ್ನು ಬರೆಯುವಾಗ 2020ರ ಏಪ್ರಿಲ್ ಮೂರನೇ ವಾರ ಮುಗಿಯುತ್ತಾ ಬಂದಿದೆ, ಮುಂದೆ ‘ಈಗ’ ಅಂತ ಹೇಳುವ ನಿಯಮ, ವ್ಯವಸ್ಥೆಗಳೆಲ್ಲ ಈ ಹೊತ್ತಿನವು. ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಮಹಾಮಾರಿ ಅಂತ ಘೋಷಿಸಿತು. ದೇಶದ ಮೊದಲ ಸಾವು ಆಗಿದ್ದು ಅದೇ ತಿಂಗಳು, ನಮ್ಮ ಪಕ್ಕದ ಕಲಬುರಗಿಯಲ್ಲಿ. ಮಾರ್ಚ್ 25ರಿಂದ ಲಾಕ್‌ಡೌನ್ ಇದೆ, ಈಗ ಅದು ಮೇ 3ರವರೆಗೆ ಮುಂದೆ ಹೋಗಿದೆ. ಏಪ್ರಿಲ್ ಶುರುವಿನಲ್ಲಿ ಬೆಳಗಾವಿ, ಬಾಗಲಕೋಟೆಯಲ್ಲಿ ಪ್ರಕರಣ ಬಂದವು, ಆಮೇಲೆ ವಿಜಯಪುರದಲ್ಲೂ. ಅಂದರೆ ಇದು ಈಗ ಟಿವಿಯಲ್ಲಿ ನೋಡುವ ಸುದ್ದಿ ಅಲ್ಲ, ನಮ್ಮ ಓಣಿಯ ಮಾತು.

1. ಮೊದಲು, ಇದು ಹರಡುವುದು ಹೇಗೆ ಅಂತ ಮನೆಯವರಿಗೆಲ್ಲ ಹೇಳಿ

ಇದು ಗೊತ್ತಾದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳುತ್ತೀರಿ.

ರೋಗ ಇರುವವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ಬಾಯಿ ಮೂಗಿನಿಂದ ಸಣ್ಣ ಹನಿಗಳು ಹಾರುತ್ತವೆ. ಹತ್ತಿರ ಇದ್ದವರು ಅದನ್ನು ಉಸಿರಲ್ಲಿ ಎಳೆದುಕೊಳ್ಳುತ್ತಾರೆ. ಮುಖ್ಯ ದಾರಿ ಇದೇ. ಆ ಹನಿ ಬಿದ್ದ ಕಡೆ ಕೈ ಇಟ್ಟು, ಅದೇ ಕೈಯಿಂದ ಕಣ್ಣು, ಮೂಗು, ಬಾಯಿ ಮುಟ್ಟಿಕೊಂಡರೂ ಬರಬಹುದು, ಅದು ಎರಡನೇ ದಾರಿ. ಮೈಮೇಲಿನ ಚರ್ಮದಿಂದ ಒಳಗೆ ಹೋಗುವುದಿಲ್ಲ. ಕೋಳಿ, ಮೊಟ್ಟೆ ತಿಂದರೆ ಬರುವುದಿಲ್ಲ, ಚೆನ್ನಾಗಿ ಬೇಯಿಸಿ ತಿನ್ನಿ ಸಾಕು. ನಮ್ಮ ಕಡೆ ಆ ಒಂದು ಸುಳ್ಳು ಸುದ್ದಿಯಿಂದ ಕೋಳಿ ಸಾಕಿದವರು ಎಷ್ಟು ನಷ್ಟ ಅನುಭವಿಸಿದರು ಅನ್ನೋದು ನಿಮಗೂ ಗೊತ್ತು.

ಇನ್ನೊಂದು ಮಾತು. ರೋಗ ಒಳಗೆ ಹೋದ ಮೇಲೆ ಲಕ್ಷಣ ಕಾಣಲು 2ರಿಂದ 14 ದಿನ ಹಿಡಿಯಬಹುದು, ಬಹಳ ಜನರಿಗೆ ಐದಾರು ದಿನ. ಜ್ವರ ಬರುವ ಮೊದಲೇ ಇನ್ನೊಬ್ಬರಿಗೆ ಅಂಟಿಸುವ ಸಾಧ್ಯತೆಯೂ ಇದೆ. ಆದ್ದರಿಂದ ‘ಅವನು ಗಟ್ಟಿಮುಟ್ಟಾಗಿ ಕಾಣ್ತಾನೆ, ಅವನಿಗೇನಾಗಿದೆ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ನಿಮ್ಮ ಶ್ರಮವನ್ನು ಎಲ್ಲಿ ಹಾಕಬೇಕು? ಮುಚ್ಚಿದ ಜಾಗ, ಜನರ ಗುಂಪು, ಹತ್ತಿರ ಕೂತು ಮಾತು. ಈ ಮೂರನ್ನು ತಪ್ಪಿಸಿ. ದಿನಕ್ಕೆ ಹತ್ತು ಸಲ ಬಾಗಿಲ ಚಿಲಕ ಒರೆಸಿ, ಸಂಜೆ ಕಟ್ಟೆ ಮೇಲೆ ಎಂಟು ಜನ ಭುಜಕ್ಕೆ ಭುಜ ತಾಗಿಸಿ ಕೂತರೆ ಒರೆಸಿದ್ದೆಲ್ಲ ದಂಡ.

ಎಚ್ಚರಿಕೆ: ‘ನಮ್ಮ ವಿಜಯಪುರದ ಬಿಸಿಲಿಗೆ ವೈರಸ್ ಉಳಿಯೋದಿಲ್ಲ’ ಅಂತ ಬಹಳ ಮಂದಿ ಹೇಳುತ್ತಿದ್ದಾರೆ. ನಂಬಬೇಡಿ. ಹೊರಗೆ 40 ಡಿಗ್ರಿ ಇದ್ದರೂ ಮನುಷ್ಯರ ಮೈಯೊಳಗೆ ಶಾಖ ಅಷ್ಟೇ ಇರುತ್ತದೆ, ವೈರಸ್ ಬೆಳೆಯುವುದು ಅಲ್ಲಿ. ಬಿಸಿ ದೇಶಗಳಲ್ಲೂ ರೋಗ ಹರಡಿದೆ.

2. ಮನೆಯಲ್ಲಿ ಏನು ಇರಬೇಕು

ಪಟ್ಟಿ ದೊಡ್ಡದೇನಲ್ಲ. ಮೈ ಸೋಪು ಅಥವಾ ಬಟ್ಟೆ ಸೋಪು, ಯಾವುದಾದರೂ ನಡೆಯುತ್ತದೆ. ಒಬ್ಬೊಬ್ಬರಿಗೆ ಎರಡೆರಡು ಬಟ್ಟೆ ಮಾಸ್ಕ್. ಜ್ವರ ನೋಡುವ ಥರ್ಮಾಮೀಟರ್ ಒಂದು. ಪ್ಯಾರಾಸಿಟಮಾಲ್ ಗುಳಿಗೆ ಒಂದು ಪಟ್ಟಿ. ಓಆರ್‌ಎಸ್ ಪುಡಿ ನಾಲ್ಕು ಪಾಕೀಟು. ಕಾಯಂ ಗುಳಿಗೆ ನುಂಗುವವರಿಗೆ ಒಂದು ತಿಂಗಳ ಗುಳಿಗೆ. ಇಷ್ಟು.

ಸ್ಯಾನಿಟೈಸರ್ ಸಿಗಲಿಲ್ಲ ಅಂತ ಗಾಬರಿ ಬೇಡ. ಈ ವೈರಸ್ಸಿನ ಮೇಲೆ ಕೊಬ್ಬಿನ ತೆಳು ಪದರ ಇರುತ್ತದೆ, ಸೋಪು ಅದನ್ನು ಒಡೆದು ಹಾಕುತ್ತದೆ. ಎಣ್ಣೆ ಜಿಡ್ಡಿನ ಪಾತ್ರೆ ಸೋಪಿಗೆ ಬಿಡುವ ಹಾಗೇ ಇದು. ಸ್ಯಾನಿಟೈಸರ್ ಬೇಕಾಗುವುದು ನೀರು ಸಿಗದ ಕಡೆ ಮಾತ್ರ. ಕೊಳ್ಳುವುದಾದರೆ ಅದರಲ್ಲಿ ಆಲ್ಕೋಹಾಲ್ ಶೇ 60ಕ್ಕಿಂತ ಜಾಸ್ತಿ ಇದೆಯಾ ಅಂತ ಬಾಟಲಿ ಮೇಲೆ ಓದಿ. ಹಚ್ಚಿಕೊಂಡ ಕೂಡಲೇ ಒಲೆ ಹತ್ತಿರ ಹೋಗಬೇಡಿ, ಅದು ಥಟ್ಟನೆ ಬೆಂಕಿ ಹಿಡಿಯುತ್ತದೆ. ಕೈ ಪೂರ್ತಿ ಒಣಗಲಿ. ಮಕ್ಕಳ ಕೈಗೆ ಬಾಟಲಿ ಸಿಗಬಾರದು.

ಕೈ ತೊಳೆಯುವುದು ಕಡಿಮೆ ಅಂದರೂ 20 ಸೆಕೆಂಡು. ಬೆರಳ ಸಂದಿ, ಹೆಬ್ಬೆರಳ ಸುತ್ತ, ಉಗುರಿನ ಕೆಳಗೆ, ಕೈ ಹಿಂಭಾಗ. ‘ನಮ್ಮ ಓಣಿಗೆ ನೀರು ವಾರಕ್ಕೊಮ್ಮೆ ಬರುತ್ತೆ, ಎಲ್ಲಿಂದ ತೊಳೀಬೇಕು’ ಅಂತ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮೊದಲು ಸ್ವಲ್ಪ ನೀರಿನಲ್ಲಿ ಕೈ ಒದ್ದೆ ಮಾಡಿಕೊಳ್ಳಿ, ನೀರು ನಿಲ್ಲಿಸಿ, 20 ಸೆಕೆಂಡು ಸೋಪು ಉಜ್ಜಿ, ಆಮೇಲೆ ಒಂದು ಸಣ್ಣ ತಂಬಿಗೆ ನೀರಿನಲ್ಲಿ ತೊಳೆದುಕೊಳ್ಳಿ. ಕೆಲಸ ಮಾಡುವುದು ಉಜ್ಜಾಟ, ನೀರಿನ ಪ್ರಮಾಣ ಅಲ್ಲ. ಬಾಗಿಲ ಹೊರಗೆ ಒಂದು ಕೊಡ, ಒಂದು ತಂಬಿಗೆ, ಒಂದು ಸೋಪು ಇಟ್ಟುಬಿಡಿ. ಒಳಗೆ ಬರುವವರು ಯಾರೇ ಆಗಲಿ ಕೈ ತೊಳೆದು ಬರಲಿ.

ದಿನಸಿ ವಿಷಯಕ್ಕೆ ಬಂದರೆ, ಗಾಬರಿಬಿದ್ದು ಮೂಟೆಗಟ್ಟಲೆ ತರಬೇಡಿ. ನಮ್ಮ ಮನೆಗಳಲ್ಲಿ ಜೋಳದ ಚೀಲ ಹೇಗೂ ಇರುತ್ತದೆ. ಒಂದು ದಿನ ಕೂತು ಕಟಕ ರೊಟ್ಟಿ ಬಡಿದಿಟ್ಟುಕೊಂಡರೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿಕೊಂಡರೆ ಎರಡು ವಾರ ಪೇಟೆ ಕಡೆ ಮುಖ ಹಾಕುವ ಅವಸರ ಇರುವುದಿಲ್ಲ. ನೀವು ಹತ್ತು ಕಿಲೋ ಬೇಳೆ ಜಾಸ್ತಿ ಒಯ್ದರೆ ಅವತ್ತಿನ ಕೂಲಿಯಲ್ಲಿ ಅವತ್ತೇ ಕೊಳ್ಳುವವರಿಗೆ ಏನೂ ಉಳಿಯುವುದಿಲ್ಲ, ರೇಟೂ ಏರುತ್ತದೆ. ಅದು ಸರಿ ಅಲ್ಲ.

ಬ್ಲೀಚಿಂಗ್ ಪುಡಿ ಬಗ್ಗೆಯೂ ಕೇಳುತ್ತಿದ್ದೀರಿ. ಸಾಧಾರಣ ಮನೆಗೆ ಸೋಪಿನ ನೀರಿನಲ್ಲಿ ನೆಲ ಒರೆಸಿದರೆ ಸಾಕು. ಮನೆಯಲ್ಲಿ ರೋಗಿ ಇದ್ದು, ಅವರು ಬಳಸುವ ಕಕ್ಕಸು ತೊಳೆಯಬೇಕು ಅಂದರೆ, ಪೇಟೆಯಲ್ಲಿ ಸಿಗುವ ಸಾದಾ ಬ್ಲೀಚಿಂಗ್ ಪುಡಿ (ಶೇ 30ರ ಸುಮಾರು ಕ್ಲೋರಿನ್ ಇರುವುದು) 30 ಗ್ರಾಂ ತೆಗೆದುಕೊಂಡು ಒಂದು ಲೀಟರ್ ನೀರಿಗೆ ಕಲಸಿ, ತಿಳಿ ನೀರು ಬಳಸಿ. ಕಿಟಕಿ ತೆರೆದಿರಲಿ. ಕಕ್ಕಸು ತೊಳೆಯುವ ಆಸಿಡ್ ಜತೆ ಇದನ್ನು ಯಾವತ್ತೂ ಬೆರೆಸಬೇಡಿ, ವಿಷಗಾಳಿ ಎದ್ದು ಉಸಿರು ಕಟ್ಟುತ್ತದೆ. ಮನುಷ್ಯರ ಮೈಮೇಲೆ ಸಿಂಪಡಿಸುವುದಂತೂ ಬೇಡವೇ ಬೇಡ. ಕೆಲವು ಊರುಗಳಲ್ಲಿ ಅಗಸಿಯಲ್ಲೇ ನಿಲ್ಲಿಸಿ ಪಂಪಿನಿಂದ ಔಷಧಿ ಹೊಡೆಯುತ್ತಿದ್ದಾರೆ. ಕೇಂದ್ರ ಆರೋಗ್ಯ ಇಲಾಖೆಯೇ ಹಾಗೆ ಮಾಡಬೇಡಿ ಅಂದಿದೆ. ಕಣ್ಣು, ಚರ್ಮ, ಶ್ವಾಸಕ್ಕೆ ಅಪಾಯ, ಮೈಯೊಳಗೆ ಹೋದ ವೈರಸ್ಸಿಗೆ ಏನೂ ಆಗುವುದಿಲ್ಲ.

3. ಮಾಸ್ಕ್: ಮನೆಯಲ್ಲೇ ಹೊಲಿಯಿರಿ

ಸಾರ್ವಜನಿಕ ಜಾಗದಲ್ಲಿ ಬಾಯಿ ಮೂಗು ಮುಚ್ಚಿಕೊಳ್ಳುವುದು ಈಗ ಕಡ್ಡಾಯ. ಎನ್-95 ಹುಡುಕಿಕೊಂಡು ಅಲೆಯಬೇಡಿ. ಅವು ದವಾಖಾನೆಯಲ್ಲಿ ಕೆಲಸ ಮಾಡುವವರಿಗೆ ಬೇಕು, ಅವರಿಗೇ ಸಾಲುತ್ತಿಲ್ಲ. ನಿಮಗೆ ಹತ್ತಿ ಬಟ್ಟೆ ಸಾಕು.

ಹಳೆಯ ಧೋತರ, ಪಂಚೆ, ಹತ್ತಿ ಸೀರೆ, ರಬಕವಿ-ಬನಹಟ್ಟಿ ಕಡೆಯ ಮಗ್ಗದ ಬಟ್ಟೆ, ಯಾವುದಾದರೂ ಆಗುತ್ತದೆ. ನೇಯ್ಗೆ ಒತ್ತಾಗಿರಬೇಕು. ಬಟ್ಟೆ ಎತ್ತಿ ಬೆಳಕಿಗೆ ಹಿಡಿದಾಗ ಆಚೆ ಕಡೆ ಸ್ಪಷ್ಟ ಕಂಡರೆ ಅದು ಬೇಡ. ಮೊದಲು ನೀರಿನಲ್ಲಿ ಕುದಿಸಿ ಒಣಗಿಸಿ. ದೊಡ್ಡವರಿಗೆ 9 ಇಂಚು ಉದ್ದ, 7 ಇಂಚು ಅಗಲದ ತುಂಡು, ಎರಡು ಪದರ, ಮೂರಾದರೆ ಇನ್ನೂ ಒಳ್ಳೆಯದು. ಮೂರು ನೆರಿಗೆ ಹಿಡಿದು ಎರಡೂ ಬದಿ ಲಾಡಿ ಹಚ್ಚಿ. ಹೊಲಿಯಲು ಬಾರದವರು ಟುವಾಲನ್ನೇ ಮಡಚಿ ಮೂಗಿನ ಮೇಲಿಂದ ಗದ್ದದ ಕೆಳಗಿನವರೆಗೆ ಬಿಗಿಯಾಗಿ ಕಟ್ಟಿಕೊಳ್ಳಬಹುದು. ಹೆಣ್ಣುಮಕ್ಕಳು ಸೆರಗನ್ನೇ ಅಡ್ಡ ಹಿಡಿಯುತ್ತಾರೆ, ಆದರೆ ಅದು ಮಾತಿಗೆ ಮಾತಿಗೆ ಜಾರುತ್ತದೆ, ಬೇರೆ ಬಟ್ಟೆ ಕಟ್ಟಿಕೊಂಡರೇ ಮೇಲು.

ಜನ ಎಡವುವುದು ಕಟ್ಟಿಕೊಳ್ಳುವ ರೀತಿಯಲ್ಲಿ. ಮೂಗು ಹೊರಗೆ ಬಿಟ್ಟು ಬರೀ ಬಾಯಿ ಮುಚ್ಚುವುದು. ಮಾತಾಡುವಾಗ ಕೆಳಗೆ ಇಳಿಸುವುದು (ಹನಿ ಹಾರುವುದೇ ಮಾತಾಡುವಾಗ ಅಲ್ವಾ?). ಮತ್ತೆ ಮತ್ತೆ ಮುಂದಿನ ಭಾಗ ಮುಟ್ಟಿ ಸರಿ ಮಾಡಿಕೊಳ್ಳುವುದು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಹಾಕುವುದು. ಬಿಚ್ಚುವಾಗ ಹಿಂದಿನ ಲಾಡಿ ಹಿಡಿದು ಬಿಚ್ಚಿ, ಸೀದಾ ಸೋಪಿನ ನೀರಿಗೆ ಹಾಕಿ, ಕೈ ತೊಳೆದುಕೊಳ್ಳಿ. ಆಮೇಲೆ ನಮ್ಮ ಖಡಕ್ ಬಿಸಿಲಿನಲ್ಲಿ ಒಣಗಿಸಿ. ಎರಡು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಕಟ್ಟಬೇಡಿ, ಉಸಿರು ಕಟ್ಟಿದರೂ ಅವಕ್ಕೆ ಹೇಳಲು ಬರುವುದಿಲ್ಲ.

ಗುಟ್ಕಾ, ಎಲೆಅಡಿಕೆ, ತಂಬಾಕು ತಿನ್ನುವವರಿಗೆ ಕೈಮುಗಿದು ಒಂದು ಮಾತು. ರಸ್ತೆಯಲ್ಲಿ ಉಗುಳುವುದು ಈಗ ದಂಡ ಬೀಳುವ ತಪ್ಪು. ದಂಡದ ಮಾತು ಬಿಡಿ, ನಿಮ್ಮ ಉಗುಳಿನಲ್ಲಿ ವೈರಸ್ ಇರಬಹುದು, ಓಣಿಯಲ್ಲಿ ಮಕ್ಕಳು ಆಡುತ್ತಿರುತ್ತವೆ. ಬಿಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

4. ಹೊರಗೆ ಹೋಗಿ ಬರುವುದು

ಮನೆಯಿಂದ ಒಬ್ಬರೇ ಹೋಗಿ, ಮತ್ತು ಪ್ರತಿ ಸಲ ಅದೇ ಒಬ್ಬರು. ಅರವತ್ತು ದಾಟದವರು, ಬಿಪಿ-ಸಕ್ಕರೆ ಕಾಯಿಲೆ ಇಲ್ಲದವರು ಆಗಿರಲಿ. ಚೀಟಿ ಬರೆದುಕೊಂಡು ಹೋದರೆ ಅಂಗಡಿ ಮುಂದೆ ನಿಲ್ಲುವ ಹೊತ್ತು ಕಡಿಮೆ ಆಗುತ್ತದೆ. ಕಿರಾಣಿ ಅಂಗಡಿಯವರಿಗೆ ಮೊದಲೇ ಫೋನ್ ಮಾಡಿ ಕಟ್ಟಿಡಲು ಹೇಳಿದರೆ ಇನ್ನೂ ಒಳ್ಳೆಯದು. ಅಂಗಡಿ ಮುಂದೆ ಸುಣ್ಣದಿಂದ ವೃತ್ತ ಹಾಕಿರುತ್ತಾರಲ್ಲ, ಅದರೊಳಗೆ ನಿಲ್ಲಿ. ಕಡಿಮೆ ಅಂದರೆ ಒಂದು ಮೀಟರ್, ಜಾಗ ಇದ್ದರೆ ಆರು ಅಡಿ ಅಂತರ ಇರಲಿ. ಹಿಂದಿನವರು ಮೈಮೇಲೆ ಬಿದ್ದರೆ ‘ಸ್ವಲ್ಪ ಹಿಂದೆ ನಿಲ್ಲಿ ಕಾಕಾ’ ಅನ್ನಲು ಸಂಕೋಚ ಬೇಡ.

ಹಿಟ್ಟಿನ ಗಿರಣಿಯನ್ನು ಎಲ್ಲರೂ ಮರೆಯುತ್ತಾರೆ. ಸಣ್ಣ ಕೋಣೆ, ಯಂತ್ರದ ಸದ್ದಿಗೆ ಎಲ್ಲರೂ ಕೂಗಿ ಮಾತಾಡುವುದು, ಹಿಟ್ಟಿನ ಧೂಳಿಗೆ ಕೆಮ್ಮುವುದು. ಡಬ್ಬಿ ಇಟ್ಟು, ಹೆಸರು ಹೇಳಿ, ಹೊರಗೆ ಮರದ ಕೆಳಗೆ ನಿಲ್ಲಿ ಅಥವಾ ಆಮೇಲೆ ಬನ್ನಿ.

ಬ್ಯಾಂಕಿನ ಮುಂದಿನ ಗದ್ದಲ ನೋಡಿದರೆ ನಿಜಕ್ಕೂ ಹೊಟ್ಟೆ ಚುರ್ ಅನ್ನುತ್ತದೆ. ಜನಧನ ಖಾತೆಯ ಹೆಣ್ಣುಮಕ್ಕಳಿಗೆ ಏಪ್ರಿಲ್‌ನಿಂದ ಮೂರು ತಿಂಗಳು, ತಿಂಗಳಿಗೆ 500 ರೂಪಾಯಿ ಬರುತ್ತದೆ. ‘ಬೇಗ ತೆಗೆಯದಿದ್ದರೆ ಸರ್ಕಾರ ವಾಪಸ್ ಒಯ್ಯುತ್ತದೆ’ ಅಂತ ಯಾರೋ ಹಬ್ಬಿಸಿದ್ದಾರೆ. ಅದು ಸುಳ್ಳು. ಹಣ ನಿಮ್ಮ ಖಾತೆಯಲ್ಲೇ ಇರುತ್ತದೆ, ಒಂದು ತಿಂಗಳು ಬಿಟ್ಟು ತೆಗೆದರೂ ಇರುತ್ತದೆ. ತುರ್ತು ಇಲ್ಲದವರು ಗದ್ದಲ ಕರಗಿದ ಮೇಲೆ ಹೋಗಿ. ಊರಿನ ಬ್ಯಾಂಕ್ ಮಿತ್ರರ ಹತ್ತಿರ, ಆಧಾರ್ ಜೋಡಿಸಿದ ಖಾತೆ ಇದ್ದರೆ ಪೋಸ್ಟ್‌ಮ್ಯಾನ್ ಹತ್ತಿರವೂ ಹಣ ಪಡೆಯಬಹುದು. ರೇಷನ್ ಕೂಡ ಎರಡು ತಿಂಗಳದ್ದು ಒಟ್ಟಿಗೇ ಕೊಡುತ್ತಿದ್ದಾರೆ, ಮೊದಲ ದಿನವೇ ಮುಗಿಬೀಳಬೇಕಾಗಿಲ್ಲ. ಬೆರಳಚ್ಚು ಕೊಡುವ ಕಡೆ ಎಲ್ಲರ ಬೆರಳೂ ಒಂದೇ ಗಾಜಿನ ಮೇಲೆ ಬೀಳುತ್ತದೆ, ಒತ್ತಿದ ಮೇಲೆ ಕೈ ತೊಳೆಯುವವರೆಗೆ ಮುಖ ಮುಟ್ಟಬೇಡಿ.

ಮನೆಗೆ ಬಂದ ಮೇಲೆ ಚಪ್ಪಲಿ ಹೊರಗೆ, ಕೈ ತೊಳೆಯುವುದು, ಮಾಸ್ಕ್ ನೀರಿಗೆ. ಕಾಯಿಪಲ್ಲೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೋಪು, ಬ್ಲೀಚಿಂಗ್ ಹಚ್ಚಬೇಡಿ, ಅದು ಹೊಟ್ಟೆಗೆ ಹೋಗುತ್ತದೆ. ಹಾಲಿನ ಪಾಕೀಟು ನೀರಿನಲ್ಲಿ ತೊಳೆದು, ಹಾಲು ಕಾಯಿಸಿ, ಕೈ ತೊಳೆದರೆ ಆಯಿತು. ನೋಟು ಎಣಿಸುವಾಗ ನಾಲಿಗೆಗೆ ಬೆರಳು ಹಚ್ಚುವ ರೂಢಿ ಇವತ್ತೇ ಬಿಡಿ. ನೋಟು ಇಸ್ತ್ರಿ ಮಾಡುವುದು, ತೊಳೆಯುವುದು ಬೇಡ, ಮುಟ್ಟಿದ ಮೇಲೆ ಕೈ ತೊಳೆಯಿರಿ.

5. ಹೊಲ, ತೋಟದ ಕೆಲಸ

ಕೃಷಿ ಕೆಲಸಕ್ಕೆ ಲಾಕ್‌ಡೌನ್‌ನಲ್ಲೂ ಅನುಮತಿ ಇದೆ. ತಿಕೋಟಾ ಕಡೆ ದ್ರಾಕ್ಷಿ ಒಣಗಿಸುವ ಕೆಲಸ ಇರಲಿ, ಮುಧೋಳ-ಗೋಕಾಕ ಕಡೆ ಕಬ್ಬಿನ ಕೆಲಸ ಇರಲಿ, ಬಯಲಿನಲ್ಲಿ ದೂರ ದೂರ ನಿಂತು ಮಾಡುವ ಕೆಲಸದಲ್ಲಿ ಅಪಾಯ ಕಡಿಮೆ. ಅಪಾಯ ಇರುವುದು ಹೋಗಿ ಬರುವ ದಾರಿಯಲ್ಲಿ ಮತ್ತು ಬುತ್ತಿ ಬಿಚ್ಚುವಾಗ. ಒಂದೇ ಟಂಟಂನಲ್ಲಿ ಹದಿನೈದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗಬೇಡಿ. ತೋಟದ ಮಾಲೀಕರು ಇದ್ದರೆ ಎರಡು ಸಲ ಗಾಡಿ ಕಳಿಸಿ, ಆ ಖರ್ಚು ನಿಮ್ಮ ಮೇಲೇ ಇರಲಿ. ಊಟಕ್ಕೆ ಗಂಟು ಬಿಚ್ಚಿ ಎಲ್ಲರೂ ಪಲ್ಲೆ ಹಂಚಿಕೊಳ್ಳುವುದು ನಮ್ಮ ಕಡೆಯ ಚೆಂದದ ಪದ್ಧತಿ, ಆದರೆ ಸದ್ಯಕ್ಕೆ ಬೇರೆ ಬೇರೆ ಕೂರಿ. ನೀರಿನ ಬಾಟಲಿ ಅವರವರದ್ದೇ. ಒಣದ್ರಾಕ್ಷಿ ಶೆಡ್ಡಿನ ಒಳಗೆ ಕಾಯಿ ಬಿಡಿಸುವವರು ಎದುರುಬದುರು ಕೂರದೆ ಒಂದೇ ಕಡೆ ಮುಖ ಮಾಡಿ, ಅಂತರ ಬಿಟ್ಟು ಕೂರಲಿ.

ಜ್ವರ ಇದ್ದವರು ಕೂಲಿ ಹೋಗುತ್ತದೆ ಅಂತ ಕೆಲಸಕ್ಕೆ ಬರುತ್ತಾರೆ. ಮಾಲೀಕರೇ, ಅಂಥವರಿಗೆ ಎರಡು ದಿನದ ಕೂಲಿ ಕೊಟ್ಟು ಮನೆಗೆ ಕಳಿಸಿ. ಇಡೀ ಗುಂಪು ಮಲಗಿದರೆ ಆಗುವ ನಷ್ಟದ ಮುಂದೆ ಅದು ಏನೂ ಅಲ್ಲ.

6. ಅಜ್ಜ, ಆಯಿ, ಕಾಯಂ ಗುಳಿಗೆ ನುಂಗುವವರು

ಈ ರೋಗ ಹೆಚ್ಚಿನವರಿಗೆ ಹಗುರವಾಗಿ ಬಂದು ಹೋಗುತ್ತದೆ. ಜೋರಾಗಿ ಹಿಡಿಯುವುದು ವಯಸ್ಸಾದವರನ್ನು, ಸಕ್ಕರೆ ಕಾಯಿಲೆ, ಬಿಪಿ, ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆ ಇದ್ದವರನ್ನು. ಹಾಗಾಗಿ ಮನೆಯ ಎಲ್ಲ ಎಚ್ಚರಿಕೆಯೂ ಅವರ ಸುತ್ತ ಇರಬೇಕು. ಗಾಳಿ ಬೆಳಕು ಬರುವ ಕೋಣೆ ಅವರಿಗೆ ಬಿಡಿ. ಹೊರಗೆ ಹೋಗಿ ಬರುವ ವ್ಯಕ್ತಿ ಅವರ ಹತ್ತಿರ ಕೂತು ಹರಟುವುದು ಬೇಡ, ಮಾತಾಡುವುದಾದರೆ ದೂರದಿಂದ, ಮಾಸ್ಕ್ ಹಾಕಿಕೊಂಡು. ಸಂಜೆ ಗುಡಿ ಕಟ್ಟೆಗೆ ಹೋಗುವ ಅಜ್ಜನನ್ನು ಮನೆಯಲ್ಲಿ ಕೂರಿಸುವುದು ಸುಲಭ ಅಲ್ಲ, ಗೊತ್ತು. ಬರೀ ‘ಹೋಗಬೇಡ’ ಅಂದರೆ ಕೇಳುವುದಿಲ್ಲ. ಅವರ ಗೆಳೆಯರಿಗೆ ದಿನಾ ಒಂದು ಹೊತ್ತಿಗೆ ಫೋನ್ ಹಚ್ಚಿಕೊಡಿ.

ಬಿಪಿ, ಸಕ್ಕರೆ ಗುಳಿಗೆ ಒಂದು ದಿನವೂ ತಪ್ಪಬಾರದು. ‘ಬಿಪಿ ಗುಳಿಗೆ ನುಂಗಿದರೆ ಕೊರೊನಾ ಜಾಸ್ತಿ ಆಗುತ್ತೆ’ ಅಂತ ಹರಿದಾಡುತ್ತಿರುವ ಮಾತು ಕೇಳಿ ನಿಲ್ಲಿಸಿದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ನಿಲ್ಲಿಸಿದರೆ ಪಾರ್ಶ್ವವಾಯು, ಹೃದಯಾಘಾತ ಆಗಬಹುದು. ವೈದ್ಯರು ಫೋನಿನಲ್ಲೇ ನೋಡಿ ಚೀಟಿ ಬರೆದುಕೊಡಲು ಮಾರ್ಚ್ 25ರಿಂದ ಸರ್ಕಾರದ ನಿಯಮ ಬಂದಿದೆ, ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಮಿರಜ್, ಸೊಲ್ಲಾಪುರದ ದವಾಖಾನೆಗಳಿಗೆ ಹೋಗುತ್ತಿದ್ದವರಿಗೆ ಈಗ ನಿಜವಾದ ತೊಂದರೆ ಇದೆ, ಮಹಾರಾಷ್ಟ್ರ ಗಡಿಯ ಕೊಗನೊಳ್ಳಿ, ಧೂಳಖೇಡ ಚೆಕ್‌ಪೋಸ್ಟ್‌ನಲ್ಲಿ ಬಿಗಿ ತಪಾಸಣೆ. ಡಯಾಲಿಸಿಸ್, ಕ್ಯಾನ್ಸರ್, ಟಿಬಿ ಚಿಕಿತ್ಸೆ ನಡೆಯುತ್ತಿದ್ದರೆ ಹಳೆಯ ಕಾಗದ ಎಲ್ಲ ಹಿಡಿದು ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮಾತಾಡಿ. ಮುಂದಿನ ಡೋಸ್ ಬರುವ ಒಂದು ವಾರ ಮೊದಲೇ ಈ ಕೆಲಸ ಆಗಲಿ. ಬಸುರಿ ಹೆಣ್ಣುಮಕ್ಕಳು ಇದ್ದರೆ ಹೆರಿಗೆ ಎಲ್ಲಿ, ಗಾಡಿ ಯಾವುದು ಅಂತ ಆಶಾ ಕಾರ್ಯಕರ್ತೆಯ ಜತೆ ಈಗಲೇ ಗೊತ್ತು ಮಾಡಿಕೊಳ್ಳಿ.

ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಗುಳಿಗೆ (ಮಲೇರಿಯಾ, ಕೀಲುವಾತಕ್ಕೆ ಕೊಡುವ ಔಷಧಿ) ಮುಂಜಾಗ್ರತೆಗೆ ಅಂತ ತಂದು ನುಂಗಬೇಡಿ. ಹೃದಯದ ಬಡಿತ ಏರುಪೇರು ಮಾಡಬಲ್ಲ ಔಷಧಿ ಅದು, ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಶುಂಠಿ, ಮೆಣಸು, ತುಳಸಿ ಕಷಾಯ ಕುಡಿಯಿರಿ, ಗಂಟಲಿಗೆ ಹಿತ. ಆದರೆ ಕಷಾಯ ಕುಡಿದಿದ್ದೇನೆ, ನನಗೆ ಬರುವುದಿಲ್ಲ ಅಂತ ಗುಂಪಿನಲ್ಲಿ ಹೋಗಬೇಡಿ. ಸಾರಾಯಿ ಕುಡಿದರೆ ವೈರಸ್ ಸಾಯುತ್ತದೆ ಅನ್ನುವುದು ಶುದ್ಧ ಸುಳ್ಳು.

7. ಪುಣೆ, ಮುಂಬೈ, ಗೋವಾದಿಂದ ಯಾರಾದರೂ ಬಂದರೆ

ಅವರು ನಮ್ಮವರೇ. ದುಡಿಯಲು ಹೋದವರು, ಕೆಲಸ ನಿಂತು ಊರಿಗೆ ಬಂದಿದ್ದಾರೆ. ಮೊದಲು ಆಶಾ ಕಾರ್ಯಕರ್ತೆಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಿ. ಶಹರದಲ್ಲಿ ಇದ್ದರೆ ರಾಜ್ಯದ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಕದ್ದು ರಾತ್ರಿ ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಮೊದಲ ಪೆಟ್ಟು ಬೀಳುವುದು ನಿಮ್ಮ ಮನೆಯ ಹಿರಿಯರಿಗೇ.

ಎರಡು ಮಾತು ತಿಳಿದುಕೊಳ್ಳಿ. ಕ್ವಾರಂಟೈನ್ ಅಂದರೆ ರೋಗ ಇದೆಯೋ ಇಲ್ಲವೋ ಗೊತ್ತಿಲ್ಲದವರು 14 ದಿನ ಬೇರೆ ಇರುವುದು. ಐಸೊಲೇಷನ್ ಅಂದರೆ ರೋಗ ಖಚಿತ ಆದವರನ್ನು, ಲಕ್ಷಣ ಇರುವವರನ್ನು ಬೇರೆ ಇಡುವುದು. ಕೈಮೇಲೆ ಸೀಲ್ ಹಾಕಿದ್ದಾರೆ ಅಂದ ಕೂಡಲೇ ರೋಗ ಬಂದಿದೆ ಅಂತ ಅರ್ಥ ಅಲ್ಲ.

ಮನೆಯಲ್ಲೇ ಇರಲು ಹೇಳಿದರೆ ಹೀಗೆ ಮಾಡಿ. ಅವರಿಗೆ ಬೇರೆ ಕೋಣೆ, ಕಿಟಕಿ ತೆರೆದಿರಲಿ. ನಮ್ಮ ಮಾಳಿಗೆ ಮನೆಗಳಲ್ಲಿ ಒಳಕೋಣೆಗೆ ಬರೀ ಬೆಳಕಿಂಡಿ ಇರುತ್ತದೆ, ಅಂಥ ಕೋಣೆ ಬೇಡ. ಪಡಸಾಲೆ ಅಥವಾ ಹೊರಗಿನ ಕೋಣೆ ಕೊಟ್ಟು, ಉಳಿದವರು ಒಳಗೆ ಇರಿ. ಒಂದೇ ಕೋಣೆಯ ಮನೆ ಆದರೆ ಮನೆಯಲ್ಲಿ ಇರಿಸಿಕೊಳ್ಳುತ್ತೇವೆ ಅಂತ ಹಟ ಮಾಡಬೇಡಿ, ಹಾಸ್ಟೆಲ್‌ಗಳಲ್ಲಿ ಮಾಡಿರುವ ವ್ಯವಸ್ಥೆ ಕೇಳಿ. ಹೊಲದ ಮನೆ ಇದ್ದರೂ ಆಗಬಹುದು, ಆದರೆ ನೀರು, ವಿದ್ಯುತ್, ಫೋನ್ ಇರಬೇಕು, ದಿನಕ್ಕೆ ಎರಡು ಸಲ ಯಾರಾದರೂ ವಿಚಾರಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಪತ್ರಾಸ್ ಶೆಡ್ಡಿನೊಳಗೆ ಮನುಷ್ಯರನ್ನು ಬಿಟ್ಟು ಬರಬೇಡಿ.

ತಾಟು, ತಂಬಿಗೆ, ಟುವಾಲು, ಹಾಸಿಗೆ ಬೇರೆ. ಊಟ ಬಾಗಿಲ ಹತ್ತಿರ ಇಟ್ಟು ಸರಿಯಿರಿ. ಒಂದೇ ಬಚ್ಚಲು ಇದ್ದರೆ ಎಲ್ಲರದ್ದೂ ಆದ ಮೇಲೆ ಅವರು ಹೋಗಲಿ, ಆಮೇಲೆ ನೀರು ಹಾಕಿ ತೊಳೆದು ಸ್ವಲ್ಪ ಹೊತ್ತು ಬಾಗಿಲು ತೆರೆದಿಡಿ. 14 ದಿನದ ಲೆಕ್ಕದಲ್ಲಿ ಬಹಳ ಮಂದಿ ತಪ್ಪುತ್ತಾರೆ. ಅದು ಊರು ಬಿಟ್ಟ ದಿನದಿಂದ ಅಲ್ಲ, ಅಪಾಯದ ಸಂಪರ್ಕ ಕೊನೆಯದಾಗಿ ಆದ ದಿನದಿಂದ. ಮಧ್ಯೆ ಇನ್ನೊಬ್ಬರು ಹೊಸದಾಗಿ ಬಂದು ಅದೇ ಕೋಣೆ ಸೇರಿದರೆ ಇಬ್ಬರದ್ದೂ ಲೆಕ್ಕ ಮತ್ತೆ ಒಂದರಿಂದ ಶುರು.

ಊರಿನ ಹಿರಿಯರಿಗೆ ಒಂದು ಕೋರಿಕೆ. ಊರ ದಾರಿಗೆ ಮುಳ್ಳುಕಂಟಿ ಹಾಕಿ, ತಗ್ಗು ತೋಡಿ ಮುಚ್ಚಬೇಡಿ. ಅದರಿಂದ ಮೊದಲು ನಿಲ್ಲುವುದು 108 ಗಾಡಿ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಯಾವ ದಾರಿಯಲ್ಲಿ ಒಯ್ಯುತ್ತೀರಿ? ಅಗಸಿಯಲ್ಲಿ ಇಬ್ಬರು ಹುಡುಗರನ್ನು ಮಾಸ್ಕ್ ಹಾಕಿಸಿ ಕೂರಿಸಿ, ಬಂದವರ ಹೆಸರು, ಎಲ್ಲಿಂದ ಬಂದರು ಅಂತ ಬರೆಸಿ ಪಂಚಾಯಿತಿಗೆ ಕೊಡಿ. ಅಷ್ಟು ಸಾಕು.

8. ಜ್ವರ, ಕೆಮ್ಮು ಬಂದರೆ

ಎಲ್ಲ ಜ್ವರವೂ ಕೊರೊನಾ ಅಲ್ಲ. ಆದರೆ ಮನೆಯಲ್ಲಿ ಕೂತು ಅದನ್ನು ತೀರ್ಮಾನ ಮಾಡಲು ಆಗುವುದಿಲ್ಲ.

ಮೊದಲ ದಿನವೇ ಬೇರೆ ಕೋಣೆಗೆ ಹೋಗಿ, ಮಾಸ್ಕ್ ಹಾಕಿ. 104ಕ್ಕೆ ಫೋನ್ ಮಾಡಿ. ಕೇಂದ್ರದ ಸಹಾಯವಾಣಿ 1075 ಕೂಡ ಇದೆ. ಫೋನಿನಲ್ಲಿ ಇಷ್ಟು ಹೇಳಿ: ಜ್ವರ ಯಾವತ್ತಿನಿಂದ, ಎಷ್ಟು ಡಿಗ್ರಿ, ಕೆಮ್ಮು ಒಣದಾ ಕಫದ್ದಾ, ಉಸಿರಾಟ ಹೇಗಿದೆ, ಬೇರೆ ಕಾಯಿಲೆ ಏನಿದೆ, ಕಳೆದ 14 ದಿನದಲ್ಲಿ ಎಲ್ಲಿ ಹೋಗಿದ್ದಿರಿ, ಯಾರ ಹತ್ತಿರ ಇದ್ದಿರಿ. ಸತ್ಯ ಹೇಳಿ. ಫೀವರ್ ಕ್ಲಿನಿಕ್‌ಗೆ (ಜ್ವರದವರನ್ನು ಬೇರೆಯಾಗಿ ನೋಡಲು ಸರ್ಕಾರ ತೆರೆದ ದವಾಖಾನೆ) ಹೋಗಲು ಹೇಳಿದರೆ ಮಾಸ್ಕ್ ಹಾಕಿಕೊಂಡು, ಜತೆಗೆ ಒಬ್ಬರೇ ಹೋಗಿ. ನಮ್ಮ ಕಡೆ ಒಬ್ಬರನ್ನು ದವಾಖಾನೆಗೆ ಒಯ್ಯುವಾಗ ಆರು ಜನ ಹೊರಡುತ್ತೇವೆ, ಪ್ರೀತಿಯಿಂದಲೇ. ಈಗ ಅದು ಬೇಡ.

ಪರೀಕ್ಷೆಗೆ ಮೂಗು, ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆಯುತ್ತಾರೆ, ಅದಕ್ಕೆ ಸ್ವಾಬ್ ಅನ್ನುತ್ತಾರೆ. ಸ್ವಲ್ಪ ಕಿರಿಕಿರಿ, ಗಾಯ ಆಗುವುದಿಲ್ಲ. ಸರ್ಕಾರಿ ಕಡೆ ದುಡ್ಡು ಇಲ್ಲ. ಫಲಿತಾಂಶ ಬರುವವರೆಗೆ ರೋಗ ಇದೆ ಅಂದುಕೊಂಡೇ ನಡೆದುಕೊಳ್ಳಿ.

ಜ್ವರಕ್ಕೆ ಪ್ಯಾರಾಸಿಟಮಾಲ್, ಡಾಕ್ಟರ್ ಹೇಳಿದ ಲೆಕ್ಕದಲ್ಲಿ. ನೀರು, ಗಂಜಿ, ಮಜ್ಜಿಗೆ ಚೆನ್ನಾಗಿ ಕುಡಿಯಿರಿ. ಸಕ್ಕರೆ ಕಾಯಿಲೆ ಇದ್ದರೆ ಊಟ ಬಿಡಬೇಡಿ. ಆ್ಯಂಟಿಬಯಾಟಿಕ್ ಗುಳಿಗೆ ವೈರಸ್ಸಿಗೆ ನಡೆಯುವುದಿಲ್ಲ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರಬೇಡಿ.

ತಡ ಮಾಡದೆ 108ಕ್ಕೆ ಫೋನ್ ಮಾಡಬೇಕಾದ ಲಕ್ಷಣಗಳು: ಉಸಿರಾಡಲು ಕಷ್ಟ, ಒಂದು ವಾಕ್ಯ ಪೂರ್ತಿ ಹೇಳಲು ಆಗದಷ್ಟು ಏದುಸಿರು, ಎದೆಯಲ್ಲಿ ಬಿಡದ ನೋವು ಅಥವಾ ಭಾರ, ತುಟಿ ಮುಖ ನೀಲಿ ಆಗುವುದು, ಮಂಪರು, ಎದುರಿನವರ ಗುರುತು ಹಿಡಿಯದೆ ಏನೇನೋ ಮಾತಾಡುವುದು. ವಯಸ್ಸಾದವರಲ್ಲಿ ಜ್ವರ ಹೆಚ್ಚು ಇಲ್ಲದೆಯೂ ಇವು ಬರಬಹುದು. ಎರಡನೇ ವಾರದಲ್ಲಿ ಒಮ್ಮೆಲೇ ಜಾಸ್ತಿ ಆಗುವುದೂ ಉಂಟು, ಆದ್ದರಿಂದ ಜ್ವರ ಇಳಿಯಿತು ಅಂತ ಕಣ್ಣು ತೆಗೆಯಬೇಡಿ.

ಮುಚ್ಚಿಡುವ ಬಗ್ಗೆ ಒಂದು ಮಾತು ಬಿಚ್ಚಿ ಹೇಳಲೇಬೇಕು. ಜನ ರೋಗಕ್ಕಿಂತ ಓಣಿಯ ಮಾತಿಗೆ ಹೆದರುತ್ತಿದ್ದಾರೆ. ‘ನಮ್ಮ ಮನೆ ಸೀಲ್ ಮಾಡ್ತಾರೆ, ಮಗಳ ಮದುವೆ ನಿಲ್ಲುತ್ತೆ’ ಅಂತ ಜ್ವರ ಮುಚ್ಚಿಟ್ಟು, ಉಸಿರು ಹಿಡಿದ ಮೇಲೆ ದವಾಖಾನೆಗೆ ಓಡುತ್ತಾರೆ. ಅಷ್ಟರಲ್ಲಿ ತಡ ಆಗಿರುತ್ತದೆ. ಇದನ್ನು ತಪ್ಪಿಸುವುದು ಉಳಿದವರ ಕೈಯಲ್ಲಿದೆ. ರೋಗಿಯ ಹೆಸರು, ಫೋಟೋ, ಜಾತಿ, ಧರ್ಮ ವಾಟ್ಸಾಪ್‌ನಲ್ಲಿ ಹಂಚಬೇಡಿ. ಆಶಾ ಕಾರ್ಯಕರ್ತೆ ಸರ್ವೆಗೆ ಬಂದಾಗ ಬಾಗಿಲು ಹಾಕಬೇಡಿ, ನೆರಳಿನಲ್ಲಿ ನಿಲ್ಲಿಸಿ ಮಾತಾಡಿ. ಇಡೀ ದಿನ ಬಿಸಿಲಿನಲ್ಲಿ ಮನೆ ಮನೆ ತಿರುಗುವವರು ಅವರು.

9. ಹಬ್ಬ, ಮದುವೆ, ಮಣ್ಣು

ಬಸವ ಜಯಂತಿ ಏಪ್ರಿಲ್ 26ಕ್ಕಿದೆ, ಅದರ ಹಿಂದುಮುಂದೆಯೇ ರಂಜಾನ್ ಉಪವಾಸ ಶುರು. ಬಾಗೇವಾಡಿ, ಕೂಡಲಸಂಗಮಕ್ಕೆ ಈ ವರ್ಷ ಹೋಗಬೇಡಿ, ಮನೆಯಲ್ಲೇ ಪೂಜೆ ಮಾಡಿ. ನಮಾಜ್, ಇಫ್ತಾರ್ ಮನೆಯಲ್ಲೇ ಇರಲಿ. ಮದುವೆ ಮುಂದೆ ಹಾಕಲು ಆಗುವುದಾದರೆ ಹಾಕಿ. ತೀರಿಹೋದವರ ಮನೆಗೆ ಹೋಗದಿರುವುದು ಕಷ್ಟ, ನಿಜ. ಮನೆಯ ನಾಲ್ಕು ಜನ ಮಣ್ಣು ಮಾಡಿ ಬರಲಿ, ಉಳಿದವರು ಫೋನ್ ಮಾಡಿ ಮಾತಾಡಿಸಿ, ತಿಂಗಳು ಬಿಟ್ಟು ಹೋಗಿ ಬನ್ನಿ.

10. ನಿಮ್ಮ ಓಣಿ ಸೀಲ್ ಆದರೆ

ಪ್ರಕರಣ ಬಂದ ಜಾಗದ ಸುತ್ತ ಒಳಗೆ ಹೊರಗೆ ಓಡಾಟ ನಿಲ್ಲಿಸುವುದಕ್ಕೆ ಕಂಟೈನ್‌ಮೆಂಟ್ ವಲಯ ಅನ್ನುತ್ತಾರೆ. ಆ ದಿನವೇ ಕಾಗದ ಪೆನ್ನು ಹಿಡಿದು ಕೂತು ಬರೆಯಿರಿ: ಓಣಿಯಲ್ಲಿ ಯಾವ ಯಾವ ಮನೆಗೆ ಕಾಯಂ ಗುಳಿಗೆ ಬೇಕು, ಯಾರು ಬಸುರಿ, ಎಲ್ಲಿ ಒಂಟಿಯಾಗಿ ಇರುವ ಹಿರಿಯರಿದ್ದಾರೆ, ಎಲ್ಲಿ ಸಣ್ಣ ಮಕ್ಕಳಿಗೆ ಹಾಲು ಬೇಕು. ಆ ಪಟ್ಟಿ ವಾರ್ಡಿನ ಸಿಬ್ಬಂದಿಗೆ ಅಥವಾ ಪಂಚಾಯಿತಿಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಸಾಮಾನು ತಲುಪಿಸಲು ಯಾರು ಬರುತ್ತಾರೆ ಅಂತ ಅವರ ನಂಬರ್ ತೆಗೆದುಕೊಳ್ಳಿ.

ಕ್ವಾರಂಟೈನ್ ಆದ ಮನೆಗೆ ಪಕ್ಕದವರು ಮಾಡಬಹುದಾದ ಕೆಲಸ ಬಹಳ ಇದೆ. ಹಾಲು, ಕಾಯಿಪಲ್ಲೆ, ಗುಳಿಗೆ ಗೇಟಿನ ಹತ್ತಿರ ಇಟ್ಟು ಫೋನ್ ಮಾಡಿ. ಅವರ ಕೈಯಿಂದ ನೋಟು ತೆಗೆದುಕೊಳ್ಳಲು ಹೆದರಿಕೆ ಆದರೆ ಲೆಕ್ಕ ಬರೆದಿಟ್ಟುಕೊಂಡು ಆಮೇಲೆ ಪಡೆಯಿರಿ. ಇಡೀ ಮನೆಯವರನ್ನೇ ಹಾಸ್ಟೆಲ್‌ಗೆ ಒಯ್ದಿದ್ದರೆ ಕೊಟ್ಟಿಗೆ ಕಡೆ ಮೊದಲು ನೋಡಿ. ಎಮ್ಮೆ, ಆಕಳು, ಎತ್ತುಗಳಿಗೆ ಮೇವು ನೀರು ಯಾರು ಹಾಕುತ್ತಾರೆ, ಹಾಲು ಯಾರು ಕರೆಯುತ್ತಾರೆ ಅಂತ ಅವತ್ತು ಸಂಜೆಯೊಳಗೆ ಗೊತ್ತು ಮಾಡಿ, ಅವರಿಗೆ ಫೋನ್ ಮಾಡಿ ಹೇಳಿಬಿಡಿ.